ಐಸರ್ ಟೆಸ್ಟ್: 180 ನಿಮಿಷದಲ್ಲಿ 60 ಪ್ರಶ್ನೆ ಮುಗಿಯುತ್ತಿಲ್ಲ, ಬಯಾಲಜಿ ಬೇರೆ ಓದಿಲ್ಲ, ಏನು ಮಾಡಲಿ?

ಡೊಂಬಿವಲಿ ಫಾಸ್ಟ್

ಎಲ್ಲರಿಗೂ ನಮಸ್ಕಾರ. ನಾನು ಡೊಂಬಿವಲಿಯಲ್ಲಿ ಇರುವ ಹುಡುಗಿ. ಹನ್ನೆರಡನೇ ಕ್ಲಾಸ್, ಮಹಾರಾಷ್ಟ್ರ ಬೋರ್ಡ್, ಪಿಸಿಎಂ. ಮನೆಯವರಿಗೆ ನಾನು ಇಂಜಿನಿಯರಿಂಗ್ ಮಾಡಲಿ ಅಂತ ಆಸೆ, ಅದಕ್ಕೆ ಮಹಾರಾಷ್ಟ್ರದ ಪ್ರವೇಶ ಪರೀಕ್ಷೆ ಸಿಇಟಿ ಬರೆಯುತ್ತೇನೆ. ಆದರೆ ನನಗೆ ನಿಜವಾಗಿ ಬೇಕಾಗಿರುವುದು ಐಸರ್ ಪುಣೆ, ವಿಜ್ಞಾನ ಮತ್ತು ಸಂಶೋಧನೆ ಕಲಿಸುವ ಸರ್ಕಾರಿ ಸಂಸ್ಥೆ. ಫಿಸಿಕ್ಸ್ ಓದಬೇಕು, ಮುಂದೆ ಸಂಶೋಧನೆ ಮಾಡಬೇಕು. ಹಾಗಾಗಿ ಐಎಟಿಗೆ, ಅಂದರೆ ಐಸರ್ ಆಪ್ಟಿಟ್ಯೂಡ್ ಟೆಸ್ಟ್‌ಗೆ ತಯಾರಿ ಶುರು ಮಾಡಿದ್ದೇನೆ.

ತೊಂದರೆ ಇದು. 60 ಪ್ರಶ್ನೆ, 180 ನಿಮಿಷ, ಒಂದೊಂದಕ್ಕೆ ಮೂರು ನಿಮಿಷ ಬರುತ್ತದೆ. ಕೇಳೋಕೆ ಧಾರಾಳ ಅನಿಸುತ್ತದೆ, ಸಿಇಟಿ ಫಿಸಿಕ್ಸ್‌ನಲ್ಲಿ ಒಂದು ನಿಮಿಷವೂ ಸಿಗಲ್ಲ ಅಲ್ವಾ. ಆದರೆ ಮಾಕ್ ಟೆಸ್ಟ್‌ಗೆ ಕೂತರೆ ಮೂರನೇ ಎರಡು ಭಾಗ ಮುಗಿಯುವಷ್ಟರಲ್ಲಿ ಹೊತ್ತು ಆಗಿಬಿಡುತ್ತದೆ. ಮಾಡಿದ್ದರಲ್ಲಿ ತಪ್ಪು ಕಮ್ಮಿ. ಮುಟ್ಟದೇ ಉಳಿದ ಪ್ರಶ್ನೆಗಳನ್ನು ಆಮೇಲೆ ನೋಡಿದರೆ ಅದರಲ್ಲಿ ಅರ್ಧ ನನಗೆ ಬರುವಂಥದ್ದೇ. ಹೊಟ್ಟೆ ಉರಿಯುವುದು ಅದಕ್ಕೇ.

ಎರಡನೇದು ಬಯಾಲಜಿ. ಹತ್ತನೇ ಕ್ಲಾಸ್ ಆದಮೇಲೆ ಮುಟ್ಟಿಲ್ಲ. ಐಎಟಿಯಲ್ಲಿ ಅದಕ್ಕೂ 15 ಪ್ರಶ್ನೆ, ಪಿಸಿಎಂ ಆದರೂ ಪಿಸಿಬಿ ಆದರೂ ಎಲ್ಲರಿಗೂ ಒಂದೇ ಪೇಪರ್. ನಮ್ಮ ಕ್ಲಾಸಿನ ಸರ್ ಒಬ್ಬರು "ಬಯಾಲಜಿ ಪೂರ್ತಿ ಬಿಟ್ಟುಬಿಡು, ಉಳಿದ 45 ಪ್ರಶ್ನೆಗೆ ನಾಲ್ಕು ನಾಲ್ಕು ನಿಮಿಷ ಸಿಗುತ್ತದೆ" ಅನ್ನುತ್ತಾರೆ. ಲೆಕ್ಕ ಸರಿಯಾಗೇ ಇದೆ, ಆದರೆ ಮನಸ್ಸು ಒಪ್ಪುತ್ತಿಲ್ಲ.

ಸ್ಪೀಡ್ ಜಾಸ್ತಿ ಮಾಡೋದು ಹೇಗೆ? ದಿನಾ ಕ್ಲಾಸಿಗೆ ದಾದರ್‌ಗೆ ಹೋಗಿಬರುತ್ತೇನೆ, ಲೋಕಲ್‌ನಲ್ಲಿ ಕಳೆಯುವ ಆ ಹೊತ್ತನ್ನು ಯಾವುದಕ್ಕಾದರೂ ಬಳಸಬಹುದಾ? ಬರೆದವರು, ಕಲಿಸುವವರು ಯಾರಾದರೂ ಇದ್ದರೆ ದಯವಿಟ್ಟು ಹೇಳಿ.

ಪಾಷಾಣ್ ಹಾಸ್ಟೆಲ್

ಐಸರ್ ಪುಣೆಯಲ್ಲಿ ಬಿಎಸ್-ಎಂಎಸ್ ಓದುತ್ತಿದ್ದೇನೆ. ಮನೆ ಸೋಲಾಪುರ, ಮನೆ ಮಾತು ಕನ್ನಡ. ನಾನೂ ಪಿಸಿಎಂನಿಂದಲೇ ಬಂದವಳು, ಅದಕ್ಕೆ ಸ್ವಲ್ಪ ಉದ್ದ ಬರೆಯುತ್ತೇನೆ, ಪೂರ್ತಿ ಓದು.

ಮೊದಲು ಸ್ಪೀಡ್ ಅನ್ನುವ ಮಾತು ಬಿಡು. ನಿನ್ನ ಕೈ ನಿಧಾನ ಇಲ್ಲ. ಮಾಡಿದ್ದರಲ್ಲಿ ತಪ್ಪು ಕಮ್ಮಿ, ಉಳಿದದ್ದರಲ್ಲಿ ಅರ್ಧ ಬರುತ್ತಿತ್ತು ಅಂತ ನೀನೇ ಬರೆದಿದ್ದೀಯ. ಅಂದರೆ ಎಲ್ಲೋ ಕೆಲವು ಪ್ರಶ್ನೆಗಳು ಒಂದೊಂದೂ ಎಂಟು ಹತ್ತು ನಿಮಿಷ ತಿನ್ನುತ್ತಿವೆ, ಅವು ಯಾವುವು ಅಂತ ನಿನಗೆ ಕಾಣುತ್ತಿಲ್ಲ. ಮುಂದಿನ ಮಾಕ್‌ನಲ್ಲಿ ಹೀಗೆ ಮಾಡು. ರಫ್ ಹಾಳೆಯಲ್ಲಿ ಪ್ರತಿ ಪ್ರಶ್ನೆಯ ನಂಬರ್ ಬರೆದು ಅದರ ಪಕ್ಕದಲ್ಲೇ ಲೆಕ್ಕ ಮಾಡು, ಪ್ರಶ್ನೆ ಬಿಟ್ಟು ಮುಂದೆ ಹೋಗುವಾಗ ಪರದೆಯ ಮೇಲಿನ ಸಮಯ ಬರೆದಿಡು. ಟೆಸ್ಟ್ ಮುಗಿದಮೇಲೆ ಕೂತು ನೋಡು. ಬೇಗ ಮಾಡಿ ಸರಿಯಾದದ್ದು, ತಡವಾಗಿ ಮಾಡಿ ಸರಿಯಾದದ್ದು, ಬೇಗ ಮಾಡಿ ತಪ್ಪಾದದ್ದು, ತಡವಾಗಿಯೂ ಮಾಡಿ ತಪ್ಪಾದದ್ದು. ಕೊನೆಯ ಗುಂಪು ಇದೆಯಲ್ಲ, ಅಲ್ಲಿ ಹೋದ ನಿಮಿಷಗಳನ್ನು ಕೂಡಿಸು. ನಿನ್ನ ಮುಟ್ಟದೇ ಉಳಿದ ಪ್ರಶ್ನೆಗಳಿಗೆ ಬೇಕಿದ್ದ ಟೈಮ್ ಜಾಸ್ತಿ ಪಾಲು ಅಲ್ಲೇ ಸಿಗುತ್ತದೆ.

ಐಎಟಿಯಲ್ಲಿ ಎಲ್ಲ ಪ್ರಶ್ನೆಗೂ ಒಂದೇ ಬೆಲೆ. ಸರಿಯಾದರೆ 4, ತಪ್ಪಾದರೆ 1 ಹೋಗುತ್ತದೆ, ಬಿಟ್ಟರೆ ಸೊನ್ನೆ, ಒಟ್ಟು 240. ಹತ್ತು ನಿಮಿಷ ಒದ್ದಾಡಿ ಬಿಡಿಸಿದ ಪ್ರಶ್ನೆಗೂ 4, ಓದುತ್ತಿದ್ದಂತೆ ಉತ್ತರ ಹೊಳೆದ ಪ್ರಶ್ನೆಗೂ 4. ಬೋರ್ಡ್ ಪರೀಕ್ಷೆಯ ಅಭ್ಯಾಸ ಇರುವವರಿಗೆ ಇದು ಕಷ್ಟ, ಯಾಕಂದರೆ ಅಲ್ಲಿ ಒಂದನೇ ಪ್ರಶ್ನೆಯಿಂದ ಕೊನೆಯವರೆಗೆ ಸಾಲಾಗಿ ಬರೆಯುತ್ತೇವೆ, ಹಿಡಿದದ್ದನ್ನು ಬಿಡೋಕೆ ಮನಸ್ಸಾಗಲ್ಲ. ಇಲ್ಲಿ ಬಿಡೋದನ್ನೂ ಅಭ್ಯಾಸ ಮಾಡಬೇಕು, ಬಿಡಿಸೋದನ್ನು ಅಭ್ಯಾಸ ಮಾಡಿದ ಹಾಗೇ.

ನಾನು ಮಾಡುತ್ತಿದ್ದದ್ದು: ಮೊದಲ ಸುತ್ತಿನಲ್ಲಿ ನಾಲ್ಕೂ ವಿಷಯದ 60 ಪ್ರಶ್ನೆಗಳನ್ನೂ ಓದಿಬಿಡೋದು. ಓದಿ ಮುಗಿಸುವಾಗ ದಾರಿ ಕಂಡರೆ ಆಗಲೇ ಮಾಡೋದು. ದಾರಿ ಗೊತ್ತು, ಆದರೆ ಲೆಕ್ಕ ಉದ್ದ ಅನಿಸಿದರೆ ರಿವ್ಯೂ ಬಟನ್ ಒತ್ತಿ ಮುಂದೆ ಹೋಗೋದು. ದಾರಿಯೇ ಕಾಣದಿದ್ದರೆ ಏನೂ ಒತ್ತದೆ ಮುಂದೆ. ಈ ಸುತ್ತು ಸುಮಾರು 90 ನಿಮಿಷದಲ್ಲಿ ಮುಗಿಯಬೇಕು. ಆಮೇಲೆ ರಿವ್ಯೂಗೆ ಇಟ್ಟವು, ಅವಕ್ಕೆ ಒಂದು ಗಂಟೆ. ಕೊನೆಯ ಅರ್ಧ ಗಂಟೆ ಉಳಿದದ್ದಕ್ಕೆ. ಇದರಲ್ಲಿ ಒಂದು ದೊಡ್ಡ ಲಾಭ ಏನೆಂದರೆ ನಿನಗೆ ಬರುವ ಯಾವ ಪ್ರಶ್ನೆಯೂ ಕಣ್ಣಿಗೆ ಬೀಳದೇ ಉಳಿಯುವುದಿಲ್ಲ. ನಿನ್ನ ಹೊಟ್ಟೆಉರಿಗೆ ಮದ್ದು ಅದೇ.

ಊಹೆ ಮಾಡಿ ಒತ್ತಬಹುದಾ ಅಂತ ಎಲ್ಲರೂ ಕೇಳುತ್ತಾರೆ. ಲೆಕ್ಕ ಸುಲಭ. ಕಣ್ಣುಮುಚ್ಚಿ ಒತ್ತಿದರೆ ನಾಲ್ಕು ಸಲದಲ್ಲಿ ಒಂದು ಸಲ 4 ಬರುತ್ತದೆ, ಮೂರು ಸಲ 1 ಹೋಗುತ್ತದೆ, ಉಳಿಯುವುದು 1. ಅಂದರೆ ಒಂದು ಪ್ರಶ್ನೆಗೆ ಸರಾಸರಿ ಕಾಲು ಮಾರ್ಕು. ಒಂದು ಆಯ್ಕೆ ಖಂಡಿತ ಅಲ್ಲ ಅಂತ ಹೊಡೆದುಹಾಕಿದರೆ ಸರಾಸರಿ 0.67 ಆಗುತ್ತದೆ. ಎರಡು ಹೊಡೆದುಹಾಕಿದರೆ 1.5. ಹಾಗಾಗಿ ಎರಡು ಆಯ್ಕೆ ಹೋದರೆ ಧೈರ್ಯವಾಗಿ ಒತ್ತು. ಒಂದೂ ಹೋಗದಿದ್ದರೆ ಸುಮ್ನೆ ಬಿಡು, ಕಾಲು ಮಾರ್ಕಿನ ಆಸೆಗೆ ಅಲ್ಲಿ ಕೂತು ಯೋಚಿಸುವ ಹೊತ್ತು ಬೇರೆ ಕಡೆ ಬೇಕು. ಇನ್ನೊಂದು ಮಾತು. ನಾವು ಸಾಮಾನ್ಯವಾಗಿ ಎಡವುವ ಜಾಗ ನೋಡಿಕೊಂಡೇ ತಪ್ಪು ಆಯ್ಕೆಗಳನ್ನು ಇಟ್ಟಿರುತ್ತಾರೆ, ಎರಡರಿಂದ ಭಾಗಿಸೋದು ಮರೆತರೆ ಬರುವ ಉತ್ತರ ಒಂದು ಆಯ್ಕೆಯಾಗಿ ಇದ್ದೇ ಇರುತ್ತದೆ. ಅರ್ಧ ಲೆಕ್ಕ ಮಾಡಿ "ಇದೇ ಇರಬೇಕು" ಅಂತ ಒತ್ತೋದು ಅದಕ್ಕೇ ಅಪಾಯ.

ಈಗ ಬಯಾಲಜಿ. ನಿಮ್ಮ ಸರ್ ಮಾತು ನನಗೆ ಒಪ್ಪಿಗೆ ಇಲ್ಲ. 240ರಲ್ಲಿ 60 ಮಾರ್ಕು ಅದು, ಕಾಲು ಭಾಗ. ಬಿಟ್ಟರೆ ನಿನಗೆ ಸಿಗುವ 45 ನಿಮಿಷ ಹೋಗುವುದು ಫಿಸಿಕ್ಸ್, ಮ್ಯಾಥ್ಸ್‌ನ ಅತಿ ಕಷ್ಟದ ಪ್ರಶ್ನೆಗಳಿಗೆ, ಯಾಕಂದರೆ ಸುಲಭದವು ಹೇಗೂ ಆಗಿರುತ್ತವೆ. ಅಲ್ಲಿ 45 ನಿಮಿಷಕ್ಕೆ ಎಷ್ಟು ಬರುತ್ತದೆ ಹೇಳು? ಬಯಾಲಜಿ ಪ್ರಶ್ನೆಗಳಿಗೆ ಉದ್ದದ ಲೆಕ್ಕ ಇರುವುದು ಅಪರೂಪ. ಓದಿದರೆ ಗೊತ್ತಾಗುತ್ತದೆ ಅಥವಾ ಆಗಲ್ಲ. 15ಕ್ಕೂ 25 ನಿಮಿಷ ಸಾಕು. ಎಂಟು ಸರಿ, ನಾಲ್ಕು ತಪ್ಪು, ಮೂರು ಬಿಟ್ಟೆ ಅಂದುಕೊಂಡರೂ 28 ಮಾರ್ಕು ಬಂತು, ಮೇಲೆ 20 ನಿಮಿಷ ಉಳಿಯಿತು. ಟೈಮ್ ಕೊಡುವ ವಿಷಯ ಅದು, ತಿನ್ನುವ ವಿಷಯ ಅಲ್ಲ.

ಓದೋದು ಎನ್‌ಸಿಇಆರ್‌ಟಿ ಪುಸ್ತಕ. ಐಎಟಿ ಸಿಲೆಬಸ್ ಎನ್‌ಸಿಇಆರ್‌ಟಿ ಮೇಲೆಯೇ ನಿಂತಿದೆ, ಆದ್ದರಿಂದ ನಮ್ಮ ರಾಜ್ಯ ಬೋರ್ಡಿನ ಬಾಲಭಾರತಿ ಪುಸ್ತಕ ಮಾತ್ರ ಓದಿದರೆ ಫಿಸಿಕ್ಸ್, ಕೆಮಿಸ್ಟ್ರಿಗೂ ಅಲ್ಲಲ್ಲಿ ಬಿಟ್ಟುಹೋಗುತ್ತದೆ. ಬಯಾಲಜಿಯಲ್ಲಿ ನೀನು ಮೊದಲು ಜೆನೆಟಿಕ್ಸ್ ಹಿಡಿ, ಅದು ಹೆಚ್ಚುಕಡಿಮೆ ಪ್ರಾಬಬಿಲಿಟಿ. ಆಮೇಲೆ ಇಕಾಲಜಿಯಲ್ಲಿ ಪಾಪ್ಯುಲೇಷನ್ ಬೆಳವಣಿಗೆ, ಲಾಜಿಸ್ಟಿಕ್ ಸಮೀಕರಣ ನೋಡಿದರೆ ನಿನಗೆ ಪ್ಯಾರಾಬೋಲಾ ಕಾಣುತ್ತದೆ, ಪರಿಸರ ತಾಳಿಕೊಳ್ಳುವ ಗರಿಷ್ಠ ಸಂಖ್ಯೆಯ ಅರ್ಧಕ್ಕೆ ಬಂದಾಗ ಬೆಳೆಯುವ ವೇಗ ಅತಿ ಹೆಚ್ಚು, ಅದನ್ನು ಬಾಯಿಪಾಠ ಮಾಡಬೇಕಾಗಿಲ್ಲ. ಎನ್‌ಜೈಮ್‌ಗಳ ಗ್ರಾಫ್, ಜೀವಕೋಶ, ಕೋಶ ವಿಭಜನೆ, ಡಿಎನ್‌ಎಯಿಂದ ಪ್ರೋಟೀನ್‌ವರೆಗಿನ ಭಾಗ. ಸಸ್ಯಗಳ ವರ್ಗೀಕರಣ, ಪ್ರಾಣಿಗಳ ಹೆಸರಿನ ಪಟ್ಟಿ ಕೊನೆಗೆ, ಹೊತ್ತು ಉಳಿದರೆ.

ಲೋಕಲ್‌ನಲ್ಲಿ ಇದನ್ನೇ ಓದು. ಬೆಳಗಿನ ಗಾಡಿಯಲ್ಲಿ ನಿಂತುಕೊಂಡು ಇಂಟಿಗ್ರೇಷನ್ ಮಾಡೋಕೆ ಆಗಲ್ಲ, ಬಯಾಲಜಿ ಎರಡು ಪುಟ ಓದಬಹುದು.

ಮಾಟುಂಗ ಫಿಸಿಕ್ಸ್

ಮುಂಬೈಯಲ್ಲಿ ಜೂನಿಯರ್ ಕಾಲೇಜ್ ಮಕ್ಕಳಿಗೆ ಬಹಳ ವರ್ಷದಿಂದ ಫಿಸಿಕ್ಸ್ ಕಲಿಸುತ್ತಿದ್ದೇನೆ. ಪಾಷಾಣ್‌ನ ಹುಡುಗಿ ಹೇಳಿದ್ದರಲ್ಲಿ ಜಾಸ್ತಿ ಒಪ್ಪುತ್ತೇನೆ. ಒಂದು ಮಾತು ಸೇರಿಸಬೇಕು, ಒಂದು ಮಾತಿಗೆ ತಕರಾರು ಇದೆ.

ತಕರಾರು ಮೊದಲು. ಪ್ರತಿ ಪ್ರಶ್ನೆಗೂ ಗಡಿಯಾರ ನೋಡಿ ಬರೆದಿಡೋದು ಒಂದೆರಡು ಮಾಕ್‌ಗೆ ಸರಿ, ರೋಗ ಎಲ್ಲಿದೆ ಅಂತ ತಿಳಿಯೋಕೆ. ಅದನ್ನೇ ಅಭ್ಯಾಸ ಮಾಡಿಕೊಳ್ಳಬೇಡಮ್ಮ. ಎರಡು ನಿಮಿಷಕ್ಕೊಮ್ಮೆ ಟೈಮ್ ನೋಡುವ ಮಕ್ಕಳು ಪ್ರಶ್ನೆಯನ್ನು ಪೂರ್ತಿ ಓದುವುದಿಲ್ಲ, "ಘರ್ಷಣೆ ಇಲ್ಲ" ಅಂತ ಬರೆದಿರುವ ಪದವೇ ಕಣ್ಣಿಗೆ ಬಿದ್ದಿರಲ್ಲ. ನಿಜವಾದ ಪರೀಕ್ಷೆಯಲ್ಲಿ ಒಂದು ವಿಷಯ ಮುಗಿಸಿ ಇನ್ನೊಂದಕ್ಕೆ ಹೋಗುವಾಗ ನೋಡಿದರೆ ಸಾಕು. ಬಿಡಬೇಕೋ ಬೇಡವೋ ಅಂತ ತೀರ್ಮಾನ ಮಾಡೋದು ಗಡಿಯಾರ ನೋಡಿ ಅಲ್ಲ, ಹಾಳೆ ನೋಡಿ. ಚಿತ್ರ ಬರೆದೆ, ಒಂದು ಸಮೀಕರಣವೂ ಹೊರಡಲಿಲ್ಲ ಅಂದರೆ ಬಿಡು. ಸಮೀಕರಣ ಬಂತು, ಲೆಕ್ಕ ನಡೆಯುತ್ತಿದೆ ಅಂದರೆ ಮುಂದುವರಿ, ಒಂದು ನಿಮಿಷ ಜಾಸ್ತಿ ಆದರೂ ಪರವಾಗಿಲ್ಲ.

ಸೇರಿಸಬೇಕಾದದ್ದು ಇದು. ಆಯ್ಕೆಗಳೂ ಪ್ರಶ್ನೆಯ ಭಾಗ. ನಮ್ಮ ಮಕ್ಕಳು ಬೋರ್ಡ್ ಉತ್ತರದ ಹಾಗೆ ಪೂರ್ತಿ ಬಿಡಿಸಿ, ಕೊನೆಗೆ ಆಯ್ಕೆ ನೋಡುತ್ತಾರೆ. ಒಂದು ಹಳೇ ಉದಾಹರಣೆ ತೆಗೆದುಕೋ. ನುಣುಪಾದ ನೆಲದ ಮೇಲೆ ಒಂದು ವೆಜ್, ಅಂದರೆ ಇಳಿಜಾರಿರುವ ತ್ರಿಕೋನದ ಬೆಣೆ, ಇದೆ, ಅದರ ಇಳಿಜಾರಿನ ಮೇಲೆ ಒಂದು ಬ್ಲಾಕ್ ಜಾರುತ್ತಿದೆ, ಎಲ್ಲೂ ಘರ್ಷಣೆ ಇಲ್ಲ, ವೆಜ್‌ನ ಆಕ್ಸಲರೇಷನ್ ಎಷ್ಟು? ಎರಡೂ ವಸ್ತುವಿಗೆ ಬಲದ ಚಿತ್ರ ಬರೆದು ಬಿಡಿಸಿದರೆ ಆರೇಳು ನಿಮಿಷ ಬೇಕು. ಈಗ ಬಿಡಿಸದೆ ಯೋಚಿಸು. ಕೋನ ಸೊನ್ನೆ ಆದರೆ ಇಳಿಜಾರೇ ಇಲ್ಲ, ವೆಜ್ ಅಲುಗಲ್ಲ, ಉತ್ತರ ಸೊನ್ನೆ ಬರಬೇಕು. ಕೋನ 90 ಡಿಗ್ರಿ ಆದರೆ ಬ್ಲಾಕ್ ಗೋಡೆ ಪಕ್ಕದಲ್ಲಿ ನೇರ ಕೆಳಗೆ ಬೀಳುತ್ತದೆ, ವೆಜ್ ಅನ್ನು ತಳ್ಳುವುದೇ ಇಲ್ಲ, ಆಗಲೂ ಸೊನ್ನೆ. ವೆಜ್ ಬಹಳ ಭಾರ ಆದರೂ ಸೊನ್ನೆಗೆ ಹತ್ತಿರ ಬರಬೇಕು. ಈ ಮೂರು ಪರೀಕ್ಷೆ ನಾಲ್ಕು ಆಯ್ಕೆಗಳಿಗೆ ಹಾಕು. ಅಂಶದಲ್ಲಿ ಬರೀ ಸೈನ್ ಇರುವುದು 90 ಡಿಗ್ರಿಯಲ್ಲಿ ಸೊನ್ನೆ ಆಗಲ್ಲ, ಹೋಯಿತು. ಬರೀ ಕಾಸ್ ಇರುವುದು ಸೊನ್ನೆ ಡಿಗ್ರಿಯಲ್ಲಿ ಸೊನ್ನೆ ಆಗಲ್ಲ, ಅದೂ ಹೋಯಿತು. ಎರಡು ಮಾಸ್‌ಗಳನ್ನು ಅದಲುಬದಲು ಮಾಡಿ ಇಟ್ಟಿರುವ ಆಯ್ಕೆ ವೆಜ್ ಭಾರ ಆದಾಗ ಸಿಕ್ಕಿಬೀಳುತ್ತದೆ. ಸೈನ್ ಕಾಸ್ ಎರಡೂ ಅಂಶದಲ್ಲಿ ಇದ್ದು, ಛೇದದಲ್ಲಿ ವೆಜ್‌ನ ಮಾಸ್ ಜೊತೆಗೆ ಬ್ಲಾಕ್‌ನ ಮಾಸ್ ಗುಣಿಸು ಸೈನ್ ವರ್ಗ ಇರುವುದು ಉಳಿಯುತ್ತದೆ. ಒಂದು ನಿಮಿಷದ ಕೆಲಸ.

ಇದನ್ನು ಅಡ್ಡದಾರಿ ಅಂದುಕೊಳ್ಳಬೇಡ. ನೀನು ಮುಂದೆ ಸಂಶೋಧನೆ ಮಾಡಬೇಕು ಅನ್ನುತ್ತೀಯಲ್ಲ, ಅಲ್ಲಿ ಹೊಸ ಸಮೀಕರಣ ಬಂದರೆ ಎಲ್ಲರೂ ಮೊದಲು ಮಾಡುವ ಕೆಲಸ ಇದೇ. ಆಪ್ಟಿಟ್ಯೂಡ್ ಟೆಸ್ಟ್ ಅಂತ ಹೆಸರಿಟ್ಟು ಅವರು ಹುಡುಕುತ್ತಿರುವುದೂ ಇಂಥ ಯೋಚನೆಯನ್ನೇ ಅಂತ ನಾನು ನಂಬಿದ್ದೇನೆ.

ಮ್ಯಾಥ್ಸ್‌ನಲ್ಲೂ ಹಾಗೇ. ಒಂದು ಸರಣಿಯ ಮೊತ್ತ ಕೇಳಿ ನಾಲ್ಕು ಸೂತ್ರ ಕೊಟ್ಟಿದ್ದರೆ 1 ಹಾಕು, 2 ಹಾಕು. ಒಂದು ಗುಣಿಸು ಒಂದು ಫ್ಯಾಕ್ಟೋರಿಯಲ್, ಎರಡು ಗುಣಿಸು ಎರಡು ಫ್ಯಾಕ್ಟೋರಿಯಲ್, ಹೀಗೆ ಕೂಡುತ್ತಾ ಹೋಗುವ ಸರಣಿ ಇದೆಯಲ್ಲ, ಮೊದಲ ಪದ 1, ಎರಡು ಪದದ ಮೊತ್ತ 5. ಈ ಎರಡಕ್ಕೂ ಹೊಂದುವ ಆಯ್ಕೆ ಸಾಮಾನ್ಯವಾಗಿ ಒಂದೇ ಉಳಿಯುತ್ತದೆ. ಆದರೆ ಉತ್ತರ ಬರೀ ಸಂಖ್ಯೆಯಾಗಿದ್ದರೆ ಈ ಯಾವ ಉಪಾಯವೂ ನಡೆಯಲ್ಲ, ಆಗ ಲೆಕ್ಕ ಮಾಡಲೇಬೇಕು.

ಲೆಕ್ಕಕ್ಕೆ ಕ್ಯಾಲ್ಕುಲೇಟರ್ ಇಲ್ಲ. ಅದಕ್ಕೆ ಕೆಲವು ಸಂಖ್ಯೆ ನಾಲಿಗೆಯ ಮೇಲೆ ಇರಲಿ. ಲಾಗ್ 2 ಅಂದರೆ 0.301, ಲಾಗ್ 3 ಅಂದರೆ 0.477, ಇವೆರಡಿದ್ದರೆ 4, 5, 6, 8, 9 ಎಲ್ಲ ತಾನಾಗಿ ಬರುತ್ತವೆ. ನ್ಯಾಚುರಲ್ ಲಾಗ್ 2 ಅಂದರೆ 0.693. ಫೋಟಾನ್‌ನ ಶಕ್ತಿ ಎಲೆಕ್ಟ್ರಾನ್ ವೋಲ್ಟ್‌ನಲ್ಲಿ ಬೇಕಾದರೆ 1240ನ್ನು ನ್ಯಾನೋಮೀಟರ್‌ನಲ್ಲಿರುವ ತರಂಗದ ಉದ್ದದಿಂದ ಭಾಗಿಸು. ಹೈಡ್ರೋಜನ್‌ನಿಂದ ಎಲೆಕ್ಟ್ರಾನ್ ಕೀಳೋಕೆ 13.6 ಎಲೆಕ್ಟ್ರಾನ್ ವೋಲ್ಟ್. ಹತ್ತು ಹಾಫ್ ಲೈಫ್ ಆದರೆ 1024ರಲ್ಲಿ ಒಂದು ಭಾಗ ಉಳಿಯುತ್ತದೆ, ಹಾಗಾಗಿ ಫಸ್ಟ್ ಆರ್ಡರ್ ರಿಯಾಕ್ಷನ್‌ನಲ್ಲಿ 99.9 ಶೇಕಡಾ ಮುಗಿಯೋಕೆ ಸುಮಾರು ಹತ್ತು ಹಾಫ್ ಲೈಫ್ ಬೇಕು, ಅಲ್ಲಿ ಲಾಗ್ ಟೇಬಲ್ ನೆನೆದು ಕೂರಬೇಕಾಗಿಲ್ಲ.

ಡೊಂಬಿವಲಿ ಫಾಸ್ಟ್

ಅಕ್ಕಾ, ಸರ್, ಇಬ್ಬರಿಗೂ ತುಂಬಾ ಥ್ಯಾಂಕ್ಸ್. ವೆಜ್ ಪ್ರಶ್ನೆ ನೋಡಿ ನಿಜವಾಗಿ ಖುಷಿಯಾಯಿತು, ಎಷ್ಟು ಸಲ ಬಿಡಿಸಿದ್ದೇನೆ, ಹೀಗೆ ಯಾರೂ ಹೇಳಿರಲಿಲ್ಲ.

ಟೈಮ್ ಬರೆದುಕೊಂಡು ಒಂದು ಮಾಕ್ ಮಾಡಿದೆ. ಅಕ್ಕ ಹೇಳಿದ ಹಾಗೇ ಇದೆ. ರೊಟೇಷನ್, ಆಮೇಲೆ ಮ್ಯಾಥ್ಸ್‌ನಲ್ಲಿ ಡೆಫಿನಿಟ್ ಇಂಟಿಗ್ರಲ್, ಈ ಎರಡರ ಕೆಲವೇ ಪ್ರಶ್ನೆಗಳು ಅರ್ಧ ಗಂಟೆಗಿಂತ ಜಾಸ್ತಿ ತೆಗೆದುಕೊಂಡಿವೆ. ಕೆಮಿಸ್ಟ್ರಿ ಮಾತ್ರ ಬೇಗ ಆಗಿದೆ.

ಇನ್ನೊಂದು ಅನುಮಾನ. ಸಿಇಟಿ ತಯಾರಿಯೂ ಜೊತೆಗೇ ನಡೆದಿದೆ. ಎರಡಕ್ಕೂ ಒಂದೇ ರೀತಿ ಅಭ್ಯಾಸ ಮಾಡಿದರೆ ಆಗುತ್ತಾ?

ಕಲೀನಾ ಕೆಮಿಸ್ಟ್ರಿ

ಒಂದೇ ರೀತಿ ಆಗಲ್ಲ, ಎರಡರ ಗುಣವೇ ಬೇರೆ. ಸಿಇಟಿಯಲ್ಲಿ ಫಿಸಿಕ್ಸ್ 50, ಕೆಮಿಸ್ಟ್ರಿ 50, ಎರಡೂ ಸೇರಿ 90 ನಿಮಿಷ, ಪ್ರಶ್ನೆಗೆ 54 ಸೆಕೆಂಡ್. ಮ್ಯಾಥ್ಸ್‌ಗೆ ಬೇರೆ 90 ನಿಮಿಷ, 50 ಪ್ರಶ್ನೆ, ಒಂದೊಂದಕ್ಕೆ 2 ಮಾರ್ಕು. ನೆಗೆಟಿವ್ ಮಾರ್ಕಿಂಗ್ ಇಲ್ಲ, ಹಾಗಾಗಿ ಅಲ್ಲಿ ಒಂದು ಪ್ರಶ್ನೆಯನ್ನೂ ಖಾಲಿ ಬಿಡಬಾರದು. ಸಿಲೆಬಸ್ ಜಾಸ್ತಿ ಹನ್ನೆರಡನೆಯದು, ಹನ್ನೊಂದನೆಯದಕ್ಕೆ 20 ಶೇಕಡಾದಷ್ಟು ಪಾಲು. ಅಲ್ಲಿ ಕೈಯ ವೇಗ ನಿಜವಾಗಿ ಬೇಕು. ಸೂತ್ರ ನೆನಪಾಗೋಕೆ ಹತ್ತು ಸೆಕೆಂಡ್ ಹೋದರೆ ಕಷ್ಟ. ಐಎಟಿಯಲ್ಲಿ ಹನ್ನೊಂದನೆಯದೂ ಪೂರ್ತಿ ಬೇಕು, ಯೋಚನೆ ಮಾಡೋಕೆ ಹೊತ್ತೂ ಇದೆ.

ಹೀಗೆ ಮಾಡಬಹುದು. ಬೋರ್ಡ್ ಪರೀಕ್ಷೆ ಮುಗಿದಮೇಲೆ ಏಪ್ರಿಲ್‌ನ ಸಿಇಟಿ ತನಕ ಬರೀ ಸಿಇಟಿ ವೇಗದ ಅಭ್ಯಾಸ. ಐಎಟಿ ಮೇ ಕೊನೆಗೋ ಜೂನ್‌ಗೋ ಬರುತ್ತದೆ, ಆ ನಡುವಿನ ಒಂದು ತಿಂಗಳು ಪೂರ್ತಿ ಐಎಟಿಗೆ ಇಡು. ಎರಡನ್ನೂ ಒಂದೇ ವಾರದಲ್ಲಿ ಬೆರೆಸಿದರೆ ಸಿಇಟಿಯ ಹಾಗೆ ಎಲ್ಲ ಒತ್ತುವ ಚಟ ಐಎಟಿಗೂ ಬರುತ್ತದೆ, ಮೈನಸ್ ಆಗುತ್ತದೆ.

ಹಳೇ ಐಎಟಿ ಪ್ರಶ್ನೆಪತ್ರಿಕೆಗಳು ಐಸರ್ ಪ್ರವೇಶದ ವೆಬ್‌ಸೈಟ್‌ನಲ್ಲೇ ಸಿಗುತ್ತವೆ, ಅವನ್ನು ಕೊನೆಯ ತಿಂಗಳಿಗೆ ಉಳಿಸಿಕೋ. ಅದಕ್ಕೂ ಮೊದಲು ಕೆವಿಪಿವೈ ಅನ್ನುವ ವಿಜ್ಞಾನ ಸ್ಕಾಲರ್‌ಶಿಪ್ ಪರೀಕ್ಷೆಯ ಹಳೇ ಪೇಪರ್ ಮಾಡು. ಆ ಪರೀಕ್ಷೆ ಈಗ ಇಲ್ಲ, ಆದರೆ ಅದರ ಬಯಾಲಜಿ ಪ್ರಶ್ನೆಗಳಲ್ಲಿ ಗ್ರಾಫ್, ಪ್ರಯೋಗ, ತರ್ಕ ಜಾಸ್ತಿ. ನಿನ್ನಂಥ ಪಿಸಿಎಂ ಮಕ್ಕಳಿಗೆ ಒಳ್ಳೇದು.

ಮತ್ತೆ, ಐಎಟಿ ಒಂದರ ಮೇಲೇ ಯಾಕೆ ಕೂತಿದ್ದೀಯ? ನೆಸ್ಟ್ ಬರಿ. ಭುವನೇಶ್ವರದ ನೈಸರ್ ಅನ್ನುವ ವಿಜ್ಞಾನ ಸಂಸ್ಥೆಗೂ, ಇಲ್ಲೇ ಮುಂಬೈ ಯೂನಿವರ್ಸಿಟಿಯ ಕಲೀನಾ ಕ್ಯಾಂಪಸ್‌ನಲ್ಲಿರುವ ಸಿಇಬಿಎಸ್ ಅನ್ನುವ ವಿಜ್ಞಾನ ಕೇಂದ್ರಕ್ಕೂ ಅದೇ ಪರೀಕ್ಷೆ. ಅದರಲ್ಲೂ ನಾಲ್ಕು ವಿಷಯ, ಆದರೆ ಮೆರಿಟ್‌ಗೆ ಚೆನ್ನಾಗಿ ಬಂದ ಮೂರನ್ನು ಮಾತ್ರ ಹಿಡಿಯುತ್ತಾರೆ. ಬಯಾಲಜಿ ಕೈಕೊಟ್ಟರೂ ಪಿಸಿಎಂ ಮೇಲೆ ನಿಲ್ಲಬಹುದು. ನಿಮ್ಮ ಸರ್ ಹೇಳಿದ "ಬಯಾಲಜಿ ಬಿಡು" ಅನ್ನುವುದು ನೆಸ್ಟ್‌ಗೆ ಸರಿ, ಐಎಟಿಗೆ ಅಲ್ಲ. ಇನ್ನು ಐಎಟಿ ಮಾರ್ಕಿನ ಮೇಲೆ ಬೆಂಗಳೂರಿನ ಟಾಟಾ ಇನ್‌ಸ್ಟಿಟ್ಯೂಟ್, ಅದೇ ಐಐಎಸ್‌ಸಿ, ಅಲ್ಲಿನ ಬಿಎಸ್ ಕೋರ್ಸಿಗೂ ಅರ್ಜಿ ಹಾಕಬಹುದು. ಆದರೆ ಅಲ್ಲಿಗೆ ಬೇರೆ ಅರ್ಜಿ, ಬೇರೆ ಕೊನೆಯ ದಿನಾಂಕ, ಅದನ್ನು ಕ್ಯಾಲೆಂಡರ್‌ನಲ್ಲಿ ಗುರುತು ಮಾಡಿಡು.

ಠಾಣೆಯ ಅಮ್ಮ

ಮಗಳೇ, ಓದಿನ ವಿಷಯ ಇವರೆಲ್ಲ ಹೇಳಿದ್ದಾರೆ. ನಾನು ಪರೀಕ್ಷೆ ದಿನದ ಬಗ್ಗೆ ಹೇಳುತ್ತೇನೆ, ನನ್ನ ಮಗ 2025ರಲ್ಲಿ ಬರೆದ. ಆ ಸಲ ಮೇ 25, ಭಾನುವಾರ, ಬೆಳಿಗ್ಗೆ 9ರಿಂದ 12. ಭಾನುವಾರ ಅಂದರೆ ನಿನಗೆ ಗೊತ್ತಲ್ಲ, ಸೆಂಟ್ರಲ್ ಲೈನ್‌ನಲ್ಲಿ ಮೆಗಾಬ್ಲಾಕ್, ಹಳಿ ರಿಪೇರಿಗೆ ಗಾಡಿ ನಿಲ್ಲಿಸುತ್ತಾರೆ. ಬ್ಲಾಕ್ ಸಾಮಾನ್ಯವಾಗಿ ಹೊತ್ತು ಏರಿದಮೇಲೆ ಶುರು, ಹೋಗುವಾಗ ಅಷ್ಟು ತೊಂದರೆ ಇಲ್ಲ, ಆದರೆ ಭಾನುವಾರದ ಟೈಮ್‌ಟೇಬಲ್‌ನಲ್ಲಿ ಗಾಡಿಗಳೇ ಕಮ್ಮಿ. ಬಾಗಿಲು ಮುಚ್ಚುವ ಸಮಯ ಅಡ್ಮಿಟ್ ಕಾರ್ಡ್‌ನಲ್ಲಿ ಬರೆದಿರುತ್ತದೆ, 9 ಗಂಟೆ ಅಂದುಕೊಂಡು ಹೊರಡಬೇಡ. ನಿನ್ನ ಸೆಂಟರ್ ಕಾಂದಿವಲಿ ಕಡೆಗೋ ಪವಾಯಿ ಕಡೆಗೋ ಬಿದ್ದರೆ ಡೊಂಬಿವಲಿಯಿಂದ ನಸುಕಿನಲ್ಲೇ ಹೊರಡಬೇಕು. ಹಿಂದಿನ ದಿನ ಒಮ್ಮೆ ಹೋಗಿ ಜಾಗ ನೋಡಿಕೊಂಡು ಬನ್ನಿ, ಅಪ್ಪ ಅಮ್ಮ ಯಾರಾದರೂ ಜೊತೆಗೆ ಬರಲಿ.

ಮಳೆಯ ವಿಷಯ ಕೂಡ. ಆ ವರ್ಷ ಪರೀಕ್ಷೆಯ ಮರುದಿನ, ಮೇ 26ಕ್ಕೆ, ಮುಂಬೈಗೆ ಮುಂಗಾರು ಬಂತು. ಅಷ್ಟು ಬೇಗ ಬಂದದ್ದು ದಾಖಲೆಯಲ್ಲೇ ಇರಲಿಲ್ಲ. ವರ್ಲಿಯಲ್ಲಿ ಆಚಾರ್ಯ ಅತ್ರೆ ಚೌಕ್ ಮೆಟ್ರೋ ಸ್ಟೇಷನ್ ಒಳಗೇ ನೀರು ನುಗ್ಗಿತು. ಒಂದು ದಿನ ಮೊದಲೇ ಬಂದಿದ್ದರೆ ಮಕ್ಕಳ ಗತಿ ಏನು ಅಂತ ನಾವೆಲ್ಲ ಮಾತಾಡಿಕೊಂಡೆವು. ಅಡ್ಮಿಟ್ ಕಾರ್ಡ್‌ನ ಎರಡು ಪ್ರತಿ ಪ್ಲಾಸ್ಟಿಕ್ ಕವರ್‌ನಲ್ಲಿ ಇಟ್ಟುಕೋ.

ಇನ್ನೊಂದು. ನನ್ನ ಮಗ ಕೊನೆಯ ಎರಡು ವಾರ ಮಾಕ್ ಎಲ್ಲ ಬೆಳಿಗ್ಗೆ 9ಕ್ಕೇ ಶುರು ಮಾಡುತ್ತಿದ್ದ, ಮೊಬೈಲ್‌ನಲ್ಲಿ ಅಲ್ಲ, ಕಂಪ್ಯೂಟರ್ ಮುಂದೆ ಕೂತು, ಮೌಸ್ ಹಿಡಿದು. ರಾತ್ರಿ ಎರಡರವರೆಗೆ ಓದುವ ಮಕ್ಕಳಿಗೆ ಬೆಳಿಗ್ಗೆ ಆ ಹೊತ್ತಿಗೆ ತಲೆ ಓಡುವುದಿಲ್ಲ. ಮೂರು ಗಂಟೆ ಪರದೆ ನೋಡಿ ಲೆಕ್ಕ ಮಾತ್ರ ಕಾಗದದ ಮೇಲೆ ಮಾಡೋದು ಕೂಡ ಅಭ್ಯಾಸ ಆಗಬೇಕು. ತಿಂಡಿಗೆ ಹೊಸದೇನೂ ಬೇಡ, ದಿನಾ ತಿನ್ನುವ ಅವಲಕ್ಕಿಯೋ ಇಡ್ಲಿಯೋ ಸಾಕು.

ಡೊಂಬಿವಲಿ ಫಾಸ್ಟ್

ಆಂಟಿ, ಇದನ್ನು ಅಮ್ಮನಿಗೂ ಓದಿ ಹೇಳಿದೆ. ನೆಸ್ಟ್ ಬಗ್ಗೆ ಗೊತ್ತೇ ಇರಲಿಲ್ಲ, ಅರ್ಜಿ ಹಾಕುತ್ತೇನೆ.

ಟ್ರೇನಿನಲ್ಲಿ ಜೆನೆಟಿಕ್ಸ್ ಶುರು ಮಾಡಿದೆ. ಒಂದು ಪ್ರಶ್ನೆಯಲ್ಲಿ ಸಿಕ್ಕಿಹಾಕಿಕೊಂಡಿದ್ದೇನೆ. ಅಪ್ಪ ಅಮ್ಮ ಇಬ್ಬರೂ ಥಲಸ್ಸೇಮಿಯಾ ಕ್ಯಾರಿಯರ್, ಅಂದರೆ ಕಾಯಿಲೆ ಇಲ್ಲ, ಆದರೆ ಅದರ ಜೀನ್ ಒಂದು ಇದೆ. ಮಗುವಿಗೆ ಕಾಯಿಲೆ ಇಲ್ಲ. ಆ ಮಗು ಕ್ಯಾರಿಯರ್ ಆಗಿರುವ ಸಾಧ್ಯತೆ ಎಷ್ಟು? ಅಪ್ಪ ಅಮ್ಮನ ಜೀನ್‌ಗಳ ಚೌಕ ಹಾಕಿದರೆ ನಾಲ್ಕರಲ್ಲಿ ಎರಡು, ಅಂದರೆ ಅರ್ಧ ಬರುತ್ತದೆ. ಉತ್ತರ ಮೂರನೇ ಎರಡು ಅಂತ ಕೊಟ್ಟಿದ್ದಾರೆ. ಯಾಕೆ?

ಪಾಷಾಣ್ ಹಾಸ್ಟೆಲ್

"ಮಗುವಿಗೆ ಕಾಯಿಲೆ ಇಲ್ಲ" ಅನ್ನುವ ಸಾಲು ಮತ್ತೆ ಓದು. ಚೌಕದಲ್ಲಿ ನಾಲ್ಕು ಮನೆ: ಒಂದು ಪೂರ್ತಿ ಆರೋಗ್ಯ, ಎರಡು ಕ್ಯಾರಿಯರ್, ಒಂದು ಕಾಯಿಲೆ. ಕಾಯಿಲೆ ಇಲ್ಲ ಅಂತ ಮೊದಲೇ ಹೇಳಿದ್ದಾರೆ, ಆದ್ದರಿಂದ ಆ ನಾಲ್ಕನೇ ಮನೆ ಲೆಕ್ಕದಿಂದ ಹೊರಗೆ ಹೋಯಿತು. ಉಳಿದದ್ದು ಮೂರು, ಅದರಲ್ಲಿ ಕ್ಯಾರಿಯರ್ ಎರಡು. ನಿನ್ನ ಹನ್ನೆರಡನೇ ಮ್ಯಾಥ್ಸ್‌ನ ಕಂಡೀಷನಲ್ ಪ್ರಾಬಬಿಲಿಟಿ ಇದೇ, ಹೆಸರು ಮಾತ್ರ ಬೇರೆ. ಅರ್ಧ ಅನ್ನುವುದು ಖಂಡಿತ ಒಂದು ಆಯ್ಕೆಯಾಗಿ ಇತ್ತು ಅಲ್ವಾ?

ಇದರ ಜೊತೆಗೇ ಹಾರ್ಡಿ-ವೈನ್‌ಬರ್ಗ್, ಅಂದರೆ ಇಡೀ ಜನಸಂಖ್ಯೆಯಲ್ಲಿ ಒಂದು ಜೀನ್ ಎಷ್ಟಿದೆ ಅನ್ನುವ ಲೆಕ್ಕ, ಓದಿಬಿಡು. ಎರಡೂ ಜೀನ್ ಕೆಟ್ಟಾಗ ಮಾತ್ರ ಬರುವ ರಿಸೆಸಿವ್ ಕಾಯಿಲೆ 10,000 ಜನರಲ್ಲಿ ಒಬ್ಬರಿಗೆ ಇದೆ ಅಂದರೆ ಆ ಜೀನ್‌ನ ಪ್ರಮಾಣ ಅದರ ವರ್ಗಮೂಲ, ನೂರಕ್ಕೆ ಒಂದು. ಕ್ಯಾರಿಯರ್‌ಗಳು ಅದರ ಎರಡರಷ್ಟಕ್ಕೆ ಹತ್ತಿರ, ಅಂದರೆ ಸುಮಾರು 50 ಜನರಲ್ಲಿ ಒಬ್ಬರು. ಬಾಯಲ್ಲೇ ಆಗುವ ಲೆಕ್ಕ. ಇವೆರಡು ಆದಮೇಲೆ ವರ್ಣಾಂಧತೆಯ ಥರ ಎಕ್ಸ್ ಕ್ರೋಮೋಸೋಮ್ ಮೇಲೆ ಕೂತಿರುವ ಕಾಯಿಲೆಗಳು, ಆಮೇಲೆ ವಂಶವೃಕ್ಷದ ಚಿತ್ರ ನೋಡಿ ಹೇಳುವ ಪ್ರಶ್ನೆ. ಅಲ್ಲಿ ಎಲ್ಲಾದರೂ ಸಿಕ್ಕಿಕೊಂಡರೆ ಚಿತ್ರ ಇಲ್ಲೇ ಹಾಕು, ನಾನು ರಾತ್ರಿ ಊಟ ಆದಮೇಲೆ ನೋಡುತ್ತೇನೆ.